ಆ ಒಂದು ಸಾಲಿನಿಂದ ಶುರು ಮಾಡಿ

ನಮಸ್ಕಾರ,

ಯುರೋಪಿನ ರಿನೈಸಾನ್ಸ್ (ಪುನರುಜ್ಜೀವನ) ಕಾಲದ ಮಾನವತಾವಾದದ ಬಗ್ಗೆ ನೀವು ಕಳಿಸಿದ ಹನ್ನೆರಡು ಪುಟ ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲು ಆಗುವುದಿಲ್ಲ. ಆದರೆ ಒಂಬತ್ತನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಓಡಿದ್ದೀರಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆರಂಭ. ‘ದೇವರನ್ನು ಬದಿಗೆ ಸರಿಸಿ ಮನುಷ್ಯನನ್ನು ಕೇಂದ್ರಕ್ಕೆ ತಂದರು.’ ಇದು ಗೈಡಿನ ಸಾಲು, ಪೂರ್ತಿ ನಿಜವೂ ಅಲ್ಲ. ಮಾನವತಾವಾದಿಗಳಲ್ಲಿ ಮೊದಲಿಗ ಅನಿಸಿಕೊಂಡ 14ನೇ ಶತಮಾನದ ಇಟಲಿಯ ಕವಿ ಪೆಟ್ರಾರ್ಕ್ ಬೆಟ್ಟ ಹತ್ತುವಾಗಲೂ ಸಂತ ಅಗಸ್ಟೀನನ ಪುಸ್ತಕ ಜೊತೆಗಿತ್ತು ಅಂತ ಬರೆದುಕೊಂಡವನು. ಆಗಿನ ಇಟಲಿಯಲ್ಲಿ ‘ಉಮನಿಸ್ತ’ (ನೀವು ಹೇಳುವ ಮಾನವತಾವಾದಿ) ಅಂದರೆ ವ್ಯಾಕರಣ, ಭಾಷಣಕಲೆ, ಕಾವ್ಯ, ಇತಿಹಾಸ, ನೀತಿ ಹೇಳಿಕೊಡುವ ಮೇಷ್ಟ್ರು, ಅಷ್ಟೇ.

ಇನ್ನು ಆ ಸಾಲು: ‘1440ರಲ್ಲಿ ಲೊರೆಂಜೊ ವಾಲ್ಲಾ ಒಂದು ದಾನಪತ್ರ ನಕಲಿ ಎಂದು ತೋರಿಸಿದ.’ ಈ ವಾಲ್ಲಾ ಇಟಲಿಯ ಲ್ಯಾಟಿನ್ ವಿದ್ವಾಂಸ. ಹೇಗೆ ತೋರಿಸಿದ ಸ್ವಾಮಿ? ಕತೆ ಇರುವುದೇ ಅಲ್ಲಿ, ಅಲ್ವಾ? 4ನೇ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನ್ ಸಾಮ್ರಾಜ್ಯದ ಪಶ್ಚಿಮ ಭಾಗವನ್ನೇ ಪೋಪನಿಗೆ ಬಿಟ್ಟುಕೊಟ್ಟ ಅನ್ನುವ ಪತ್ರ ಅದು. ವಾಲ್ಲಾ ಒಂದೊಂದೇ ಪದ ಕೆದಕುತ್ತಾನೆ. ಅದರಲ್ಲಿ ‘ಸತ್ರಪ’ರು ಬರುತ್ತಾರೆ. ಅದು ಪರ್ಷಿಯದ ಪ್ರಾಂತಾಧಿಕಾರಿಗಳ ಹೆಸರು (ನಾವು ಶಾಲೆಯಲ್ಲಿ ಓದಿದ ಕ್ಷತ್ರಪ ಕೂಡ ಅದೇ ಪದ), ರೋಮಿನಲ್ಲಿ ಅವರಿಗೇನು ಕೆಲಸ? ಚಕ್ರವರ್ತಿ ಅಧಿಕಾರದ ಗುರುತಾಗಿ ತಲೆಗೆ ಕಟ್ಟುವ ‘ಡಯಡೆಮ್’ ಚಿನ್ನದ್ದು ಅಂತ ಬರೆದಿದೆ. ಅದು ಬಟ್ಟೆಯದ್ದು ಕಣಯ್ಯಾ, ನೀನು ನಿನ್ನ ಕಾಲದ ರಾಜರನ್ನು ನೋಡಿ ಬರೆದಿದ್ದೀಯ ಅಂತ ವಾಲ್ಲಾ ಆ ನಕಲಿಗಾರನಿಗೆ ನೇರವಾಗಿ ಬೈಯುತ್ತಾನೆ. ಪತ್ರದ ಲ್ಯಾಟಿನ್ನೂ ಕಾನ್‌ಸ್ಟಂಟೈನನ ಕಾಲದ್ದಲ್ಲ. ಮಾತಿಗೂ ವಯಸ್ಸಿದೆ ಅಂತ ಕಂಡುಕೊಂಡ ಈ ಕಣ್ಣನ್ನು ತೋರಿಸಿದರೆ ‘ಮಾನವತಾವಾದ’ ಅನ್ನುವ ಪದ ನಿಮಗೆ ಎರಡೇ ಸಲ ಬೇಕಾಗುತ್ತದೆ. ಈಗ ಮೂವತ್ತು ಸಲ ಇದೆ.

ವಾಲ್ಲಾನಿಗೆ ಆಶ್ರಯ ಕೊಟ್ಟಿದ್ದ ದೊರೆ ಅಲ್ಫೊನ್ಸೊ ಆಗ ನೇಪಲ್ಸ್ ವಿಷಯಕ್ಕೆ ಪೋಪನ ಜೊತೆ ಜಗಳದಲ್ಲಿದ್ದ. ಅದನ್ನು ಮುಚ್ಚಿಡಬೇಡಿ. ಮುಂದೆ ವಾಲ್ಲಾ ಪೋಪನ ಕಚೇರಿಯಲ್ಲೇ ಕೆಲಸಕ್ಕೆ ಸೇರಿದ, ಅದನ್ನೂ ಹಾಕಿ. ಓದುಗರು ನಗಲಿ.

ಲಿಯೊನಾರ್ಡೊ, ಮೈಕೆಲೇಂಜೆಲೊ, ರಾಫೆಲ್ ಒಂದೇ ಪ್ಯಾರಾದಲ್ಲಿ ಬಸ್ಸಿಗೆ ಕಾಯುವವರ ಹಾಗೆ ಸುಮ್ನೆ ನಿಂತಿದ್ದಾರೆ, ತೆಗೆಯಿರಿ. ಕೊನೆಯಲ್ಲಿ ಎಳೆದು ತಂದ ಬಸವಣ್ಣನವರನ್ನೂ ಬಿಡಿ. ಅವರು ಪೆಟ್ರಾರ್ಕ್ ಹುಟ್ಟುವ ನೂರು ವರ್ಷಕ್ಕೂ ಮೊದಲಿನವರು, ಯುರೋಪಿನ ಸರ್ಟಿಫಿಕೇಟ್ ಅವರಿಗೆ ಬೇಡ.

ಐದು ಪುಟ ಸಾಕು. ತಿಂಗಳ ಕೊನೆಯೊಳಗೆ ಕಳಿಸಿ. ‘ಡಯಡೆಮ್’ಗೆ ಕನ್ನಡದಲ್ಲಿ ಏನು ಹಾಕುತ್ತೀರೋ ನೋಡಬೇಕು. ಕಿರೀಟ ಅಂತ ಮಾತ್ರ ಹಾಕಬೇಡಿ, ವಾಲ್ಲಾ ನಿಮಗೂ ಬೈಯುತ್ತಾನೆ.