ಗ್ರಾಫ್ಟ್‌ಗೆ ಸೋಂಕಿನ ಶಂಕೆ: ಸಿ.ಟಿ. ಆದ ಮೇಲೂ ಪೆಟ್ ಸ್ಕ್ಯಾನ್ ಏಕೆ?

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ. ಹೊಟ್ಟೆಯ ಮಹಾಪಧಮನಿ ಉಬ್ಬಿದ್ದರಿಂದ ಎರಡು ವರ್ಷಗಳ ಹಿಂದೆ ಆಪರೇಷನ್ ಮಾಡಿ ಡೇಕ್ರಾನ್ ಎಂಬ ಕೃತಕ ಬಟ್ಟೆಯ ಕೊಳವೆ (ಗ್ರಾಫ್ಟ್) ಹಾಕಿದ್ದಾರೆ. ಒಂದು ತಿಂಗಳಿಂದ ಸಣ್ಣ ಜ್ವರ ಬಂದು ಹೋಗುತ್ತಿದೆ. ಸಿ.ಟಿ. ವರದಿಯಲ್ಲಿ ಗ್ರಾಫ್ಟ್ ಸುತ್ತ ಸ್ವಲ್ಪ ದ್ರವವಿದೆ ಎಂದಿದೆ. ಈಗ ವೈದ್ಯರು ಪೆಟ್-ಸಿ.ಟಿ. ಮಾಡಿಸಲು ಹೇಳುತ್ತಿದ್ದಾರೆ. ಅದು ಕ್ಯಾನ್ಸರ್‌ನವರಿಗೆ ಮಾಡುವ ಪರೀಕ್ಷೆಯಲ್ಲವೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಆಪರೇಷನ್ ಆದ ಹೊಸದರಲ್ಲಿ ಗ್ರಾಫ್ಟ್ ಸುತ್ತ ದ್ರವವೂ ಗಾಳಿಗುಳ್ಳೆಗಳೂ ಕಾಣುವುದು ಸಹಜ. ಆದರೆ ಗಾಳಿಯು ಏಳು ವಾರಗಳ ನಂತರವೂ, ದ್ರವವು ಮೂರು ತಿಂಗಳ ನಂತರವೂ ಉಳಿದಿದ್ದರೆ, ಗ್ರಾಫ್ಟ್ ಸೋಂಕನ್ನು ಗುರುತಿಸಲು 2016ರಲ್ಲಿ ಪ್ರಕಟವಾದ ‘ಮ್ಯಾಜಿಕ್’ ಮಾನದಂಡಗಳು ಅದನ್ನು ಸೋಂಕಿನ ಪ್ರಮುಖ ಲಕ್ಷಣವೆಂದೇ ಎಣಿಸುತ್ತವೆ. ಹಾಗಾಗಿ ಎರಡು ವರ್ಷಗಳ ಬಳಿಕ ಕಂಡ ದ್ರವವನ್ನು, ಅದು ಸ್ವಲ್ಪವೇ ಆಗಿದ್ದರೂ, ನಿಮ್ಮ ವೈದ್ಯರು ಲಘುವಾಗಿ ತೆಗೆದುಕೊಳ್ಳದಿರುವುದು ಸರಿಯಾಗಿಯೇ ಇದೆ.

ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣಶೀಲ ಸಕ್ಕರೆಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಕೋಶಗಳಂತೆಯೇ ಸೋಂಕಿನ ಜಾಗಕ್ಕೆ ಧಾವಿಸಿದ ಬಿಳಿ ರಕ್ತಕಣಗಳೂ ಅದನ್ನು ಹೆಚ್ಚಾಗಿ ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತವೆ. ತೊಡಕಿರುವುದು ಈ ಹೊಳಪನ್ನು ಅರ್ಥೈಸುವುದರಲ್ಲಿ. ಡೇಕ್ರಾನ್ ದೇಹಕ್ಕೆ ಪರಕೀಯ ವಸ್ತುವಾದ್ದರಿಂದ, ಸೋಂಕು ಇಲ್ಲದಿದ್ದರೂ ಗ್ರಾಫ್ಟ್‌ನ ಉದ್ದಕ್ಕೂ ಒಂದೇ ಸಮನಾದ ಮಂದ ಹೊಳಪು ವರ್ಷಗಟ್ಟಲೆ ಉಳಿಯಬಹುದು. ಒಂದು ಕಡೆ ಮಾತ್ರ ತೀವ್ರವಾಗಿ, ಏರುಪೇರಾಗಿ ಹೊಳೆದರೆ ಅದು ಸೋಂಕಿನತ್ತ ಬೆರಳು ತೋರುತ್ತದೆ. ಆದ್ದರಿಂದ ವರದಿಯಲ್ಲಿ ‘ಅಪ್‌ಟೇಕ್’ (ಹೀರಿಕೆ) ಎಂಬ ಪದ ಕಂಡೊಡನೆ ಗಾಬರಿಯಾಗದೆ, ಅದು ಎಲ್ಲಿ, ಯಾವ ರೀತಿಯಲ್ಲಿ ಇದೆಯೆಂದು ಕೇಳಿ. ಪರೀಕ್ಷೆಗೆ ಮುನ್ನ ಸುಮಾರು ಆರು ಗಂಟೆ ಉಪವಾಸವಿರಬೇಕು. ತಂದೆಯವರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ: ಆ ಮಾತ್ರೆಯಿಂದ ಕರುಳೇ ಹೊಳೆಯುವುದರಿಂದ ಪಕ್ಕದ ಗ್ರಾಫ್ಟ್ ಅನ್ನು ಗುರುತಿಸುವುದು ಕಷ್ಟವಾಗುತ್ತದೆ.

ಆಗಲೂ ಅನುಮಾನ ತೀರದಿದ್ದರೆ, ರೋಗಿಯ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ, ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತು ಸೇರಿಸಿ ಮತ್ತೆ ದೇಹಕ್ಕೆ ಬಿಟ್ಟು, ಕೆಲವು ಗಂಟೆಗಳ ನಂತರ ಒಮ್ಮೆ, ಮರುದಿನ ಇನ್ನೊಮ್ಮೆ ಚಿತ್ರ ತೆಗೆಯುವ ಪರೀಕ್ಷೆಯಿದೆ. ಇದರ ಖಚಿತತೆ ಹೆಚ್ಚು, ಆದರೆ ಪ್ರಯೋಗಾಲಯದ ಕೆಲಸ ಬಹಳವಿರುವುದರಿಂದ ಎಲ್ಲೆಡೆ ಮಾಡುವುದಿಲ್ಲ.

ಯಾವ ಸ್ಕ್ಯಾನ್ ಕೂಡ ರೋಗಾಣುವಿನ ಹೆಸರು ಹೇಳುವುದಿಲ್ಲ. ಅದಕ್ಕೆ ರಕ್ತದ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಬೇಕು, ಸಾಧ್ಯವಾದರೆ ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ತೆಗೆದ ಆ ದ್ರವದ್ದೂ ಬೇಕು. ಜ್ವರ ಬಂದೊಡನೆ ಪಕ್ಕದ ಕ್ಲಿನಿಕ್‌ನಲ್ಲಿ ಆ್ಯಂಟಿಬಯಾಟಿಕ್ ಬರೆಸಿಕೊಳ್ಳುವ ನಮ್ಮ ರೂಢಿ ಇಲ್ಲಿ ತೊಂದರೆ ಕೊಡುತ್ತದೆ, ಏಕೆಂದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು. ಈ ನಡುವೆ ಮಲ ಕಪ್ಪಾದರೆ ಅಥವಾ ರಕ್ತವಾಂತಿಯಾದರೆ, ಗ್ರಾಫ್ಟ್ ಕರುಳಿಗೆ ತೂತು ಮಾಡಿರಬಹುದು. ಪೆಟ್ ಸ್ಕ್ಯಾನ್‌ನ ದಿನಾಂಕಕ್ಕೆ ಕಾಯದೆ ರಕ್ತನಾಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕೂಡಲೇ ಕರೆದೊಯ್ಯಿರಿ.