ಕೈಸರ್ ಕಟ್ಟಿಸಿದ ಕೋಟೆ: ಓದುಗರ ಆಕ್ಷೇಪಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಓ-ಕೋನಿಗ್ಸ್‌ಬೂರ್ ಕೋಟೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. 1908ರಲ್ಲಿ ಕಟ್ಟಿ ಮುಗಿಸಿದ್ದನ್ನು ಮಧ್ಯಯುಗದ ಕೋಟೆ ಎನ್ನುವುದು ಓದುಗರ ಕಣ್ಣಿಗೆ ಮಣ್ಣೆರಚಿದಂತೆ, ಹಾಳುಬಿದ್ದದ್ದನ್ನು ಹಾಗೆಯೇ ಬಿಡಬೇಕಿತ್ತು ಎಂಬುದು ತಮ್ಮ ಆಕ್ಷೇಪ.

ಮೊದಲು ಒಂದು ಮಾತು. ಜರ್ಮನಿಯ ಕೈಸರ್, ಅಂದರೆ ಚಕ್ರವರ್ತಿ, ಎರಡನೆಯ ವಿಲ್‌ಹೆಲ್ಮ್ ಮರುನಿರ್ಮಾಣಕ್ಕೆ ಕೈಹಾಕುವ ಮುನ್ನವೇ ಈ ಕೋಟೆ ಒಮ್ಮೆ ಹಾಳಾಗಿ ಮತ್ತೆ ಎದ್ದಿತ್ತು. 1147ರ ದಾಖಲೆಯಲ್ಲಿ ಕಾಣಿಸುವ, ಹೋಹೆನ್‌ಸ್ಟೌಫೆನ್ ಎಂಬ ಜರ್ಮನ್ ರಾಜಮನೆತನದ ಕೋಟೆಯನ್ನು 1462ರಲ್ಲಿ ಸುತ್ತಲಿನ ನಗರಗಳು ಕೂಡಿ ಬಂದು ಕೆಡವಿದವು. ಅಲ್ಲಿ ಸೇರಿಕೊಂಡಿದ್ದ ದರೋಡೆಕೋರ ಸರದಾರರ ಕಾಟ ಅಷ್ಟು ಮಿತಿಮೀರಿತ್ತು. 1479ರಲ್ಲಿ ಅದನ್ನು ಪಡೆದ ಥೀಯರ್‌ಸ್ಟೈನ್ ಮನೆತನದವರು ಫಿರಂಗಿಯ ಏಟು ತಾಳುವಂತೆ ದಪ್ಪ ಗೋಡೆಗಳ ಬುರುಜುಗಳನ್ನು ಕಟ್ಟಿದರು. ಆದರೂ 1633ರಲ್ಲಿ, ಮೂವತ್ತು ವರ್ಷಗಳ ಯುದ್ಧದ ನಡುವೆ, ಸ್ವೀಡನ್ನಿನ ಸೈನ್ಯ 52 ದಿನ ಮುತ್ತಿಗೆ ಹಾಕಿ ಅದನ್ನು ಗೆದ್ದಿತು. ಅಂದು ಸುಟ್ಟುಹೋದ ಕೋಟೆ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಕಾಡುಪಾಲಾಗಿತ್ತು.

1865ರಲ್ಲಿ ಸೆಲೆಸ್ತಾ ಪಟ್ಟಣ ಆ ಅವಶೇಷವನ್ನು ಕೊಂಡುಕೊಂಡಿತು; 1899ರಲ್ಲಿ ಕೈಸರನಿಗೆ ಕಾಣಿಕೆಯಾಗಿ ಒಪ್ಪಿಸಿತು. ಅಲ್ಸಾಸ್ ಜರ್ಮನಿಯ ಕೈಸೇರಿದ್ದು 1871ರಲ್ಲಿ. ಈ ನೆಲ ಹಿಂದಿನಿಂದಲೂ ಜರ್ಮನರದೇ ಎಂದು ಎತ್ತರದಲ್ಲಿ ನಿಂತು ಸಾರುವ ಗುರುತೊಂದು ಅವನಿಗೆ ಬೇಕಿತ್ತು. ಸಾಮ್ರಾಜ್ಯದ ಪೂರ್ವದ ಗಡಿಯಲ್ಲಿ ಮಾರಿಯೆನ್‌ಬುರ್ಗ್ ಕೋಟೆ, ಪಶ್ಚಿಮದಲ್ಲಿ ಇದು. ಆ ರಾಜಕೀಯವನ್ನು ಮರೆಮಾಚುವ ಉದ್ದೇಶ ನಮಗಿಲ್ಲ.

ಆದರೆ ವಾಸ್ತುಶಿಲ್ಪಿ ಬೋಡೋ ಎಬ್‌ಹಾರ್ಟ್ ಮನಸ್ಸಿಗೆ ಬಂದಂತೆ ಕಟ್ಟಿದವರಲ್ಲ. ಅವಶೇಷಗಳನ್ನು ಅಗೆದು, ಅಳೆದು, ಛಾಯಾಚಿತ್ರ ತೆಗೆದು, ಉಳಿದ ಗೋಡೆಗಳ ಮೇಲೆಯೇ ಹೊಸ ಗೋಡೆ ಎಬ್ಬಿಸಿದರು. ನಡುಗೋಪುರ ದುಂಡಗಿತ್ತು ಎಂದು ವಿರೋಧಿಗಳು ಪಟ್ಟುಹಿಡಿದಾಗ ಅವರು ಚೌಕವೇ ಸರಿ ಎಂದು ವಾದಿಸಿದರು. ಆಕಾರದ ಮಟ್ಟಿಗೆ ಅವರ ಮಾತೇ ನಿಂತಿದೆ.

ತಮ್ಮ ಆಕ್ಷೇಪಕ್ಕೆ ನಿಜವಾಗಿ ಎಡೆಯಿರುವುದು ಕೈಸರನ ಸಭಾಂಗಣದಲ್ಲಿ. ಅದು ಭವ್ಯವಾಗಿ ಕಾಣಲೆಂದು, ಮೊದಲು ಅಲ್ಲಿದ್ದ ನಡುವಿನ ಅಂತಸ್ತನ್ನು ಕಟ್ಟದೆ ಬಿಟ್ಟು, ಛಾವಣಿಗೆ ರೆಕ್ಕೆ ಹರಡಿದ ಹದ್ದನ್ನು ಬರೆಸಿದರು. ಇದು ಅರಸನ ಮರ್ಜಿಯೇ ಹೊರತು ಮಧ್ಯಯುಗವಲ್ಲ. ಅದೇ ಕೋಣೆಯ ಅಗ್ಗಿಷ್ಟಿಕೆಯ ಮುಂದಿನ ಲೋಹದ ತೆರೆಯ ಮೇಲೆ 1918ರಲ್ಲಿ, ಮೊದಲ ಮಹಾಯುದ್ಧ ಕೈಮೀರುತ್ತಿದ್ದ ಕಾಲದಲ್ಲಿ, 'ಇದು ನಾನು ಬಯಸಿದ್ದಲ್ಲ' ಎಂಬ ಕೈಸರನ ಜರ್ಮನ್ ವಾಕ್ಯ ಸೇರಿತು. ನೋಡಲು ಹೋದವರು ಹದ್ದನ್ನು ಬಿಟ್ಟರೂ ಇದನ್ನು ಬಿಡಬಾರದು.

ಹಾಗೆಯೇ ಬಿಡಬೇಕಿತ್ತೇ? ಅಲ್ಸಾಸಿನ ಬೆಟ್ಟಗಳ ಮೇಲೆ ಹಾಗೆ ಬಿಟ್ಟ ಪಾಳುಕೋಟೆಗಳಿಗೆ ಕೊರತೆಯಿಲ್ಲ. 1919ರಲ್ಲಿ ಕೋಟೆ ತನ್ನ ಕೈಗೆ ಬಂದಾಗ ಫ್ರಾನ್ಸ್ ಸರಕಾರ ಕೈಸರನ ಕಟ್ಟಡವನ್ನು ಕೆಡವಲಿಲ್ಲ. 1862ರಲ್ಲಿ ಬರಿಯ ಅವಶೇಷಕ್ಕೆ ಕೊಟ್ಟಿದ್ದ ಐತಿಹಾಸಿಕ ಸ್ಮಾರಕದ ಮಾನ್ಯತೆಯನ್ನು 1993ರಲ್ಲಿ ಅವನು ಕಟ್ಟಿಸಿದ ಭಾಗವೂ ಸೇರಿದಂತೆ ಇಡೀ ಕೋಟೆಗೆ ಕೊಟ್ಟಿತು.

— ಸಂಪಾದಕ