ತಾತ ಬರೆದ ಚಿತ್ರ ಮತ್ತು ಸೋರಿದ ಸೂರು

ತಾತ ಕಪ್ಪು ಇಂಡಿಯನ್ ಇಂಕಿನಲ್ಲಿ ಬರೆದ ಚಾಮುಂಡೇಶ್ವರಿ ಚಿತ್ರದ ಮೇಲೆ ಮಳೆನೀರು ಸೋರಿ ಕಂದು ಕಲೆ ಆಗಿದೆ, ಅಂಚು ಗೆದ್ದಲು ತಿಂದಿದೆ, ಕಂಪ್ಯೂಟರಿನಲ್ಲಿ ಸರಿ ಮಾಡಬಹುದಾ ಅಂತ ಮಂಡ್ಯದವರು ಕೇಳಿದ್ದೀರಿ. ಮಾಡಬಹುದು. ಪುಕ್ಕಟೆ ಸಿಗುವ ಗಿಂಪ್ ಅನ್ನೋ ಚಿತ್ರ ತಿದ್ದುವ ಸಾಫ್ಟ್‌ವೇರ್ ಸಾಕು. ಆದರೆ ನೀವು ಪ್ರಶ್ನೆ ಜೊತೆ ಹಾಕಿರುವ ಮೊಬೈಲ್ ಫೋಟೊ ಇಟ್ಟುಕೊಂಡು ಶುರು ಮಾಡಬೇಡಿ. ಹಾಗೇ ಮೂಲ ಚಿತ್ರವನ್ನು ಲ್ಯಾಮಿನೇಷನ್‌ಗೂ ಕೊಡಬೇಡಿ. ನಾನು ಮೈಸೂರಿನಲ್ಲಿ ಒಂದು ಹಳೇ ಚಿತ್ರಕ್ಕೆ ಮಾಡಿಸಿ ಕೈಸುಟ್ಟುಕೊಂಡೆ. ಬಿಸಿಗೆ ಪ್ಲಾಸ್ಟಿಕ್ ಕಾಗದಕ್ಕೆ ಕಚ್ಚಿಕೊಂಡಿತು, ಬಿಡಿಸೋಕೆ ಆಗಲೇ ಇಲ್ಲ.

ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಇಡಿ. ಅರ್ಧ ಮಿಲಿಮೀಟರ್ ಗೆರೆಗೆ ಸುಮಾರು 12 ಪಿಕ್ಸೆಲ್ ಸಿಗುತ್ತದೆ, 200 ಇಟ್ಟರೆ ನಾಲ್ಕೇ. ವಿವರ ಕಳೆಯದ ಟಿಫ್ ಫೈಲ್ ಆಗಿ ಉಳಿಸಿ. ಎ4 ಹಾಳೆಗೆ ನೂರು ಎಂಬಿ ಆಸುಪಾಸು ಆಗುತ್ತದೆ, ಆಗಲಿ ಬಿಡಿ. (ಚಿನ್ನದ ರೇಕು, ಉಬ್ಬು ಕೆಲಸಕ್ಕೆ ಹಚ್ಚುವ ಗೆಸ್ಸೊ ಪೇಸ್ಟ್ ಇರುವ ಮೈಸೂರು ಶೈಲಿ ಚಿತ್ರವಾದರೆ ಸ್ಕ್ಯಾನರ್ ಬೇಡವೇ ಬೇಡ. ಗಾಜಿಗೆ ಒತ್ತಿದರೆ ಉಬ್ಬು ಕೆಲಸ ಉದುರಬಹುದು, ಚಿನ್ನವೂ ಕಪ್ಪಗೆ ಬರುತ್ತದೆ.)

ತೂತುಗಳಿಗೆ ಒಂದು ಉಪಾಯ ಇದೆ. ಚಿತ್ರದ ಹಿಂದೆ ಕಡು ಹಸಿರು ಹಾಳೆ ಇಟ್ಟು ಸ್ಕ್ಯಾನ್ ಮಾಡಿ. ಆಮೇಲೆ ಗಿಂಪ್‌ನಲ್ಲಿ ಬಣ್ಣ ನೋಡಿ ಆರಿಸುವ ಸೆಲೆಕ್ಟ್ ಟೂಲ್‌ನಿಂದ ಆ ಹಸಿರನ್ನು ಸೆಲೆಕ್ಟ್ ಮಾಡಿದರೆ ಗೆದ್ದಲು ತಿಂದ ಜಾಗವೆಲ್ಲ ಒಂದೇ ಸಲ ಸಿಗುತ್ತದೆ.

ಇನ್ನು ಕಲೆ. ಒಂದೊಂದೇ ಒರೆಸುತ್ತಾ ಕೂತರೆ ವಾರ ಹಿಡಿಯುತ್ತದೆ. ಕಲರ್ ಸ್ಕ್ಯಾನ್ ಒಳಗೆ ಕೆಂಪು, ಹಸಿರು, ನೀಲಿ ಅಂತ ಮೂರು ಪಾಲು ಇರುತ್ತದೆ, ಅವೇ ಚಾನೆಲ್. ಕಂದು ಬಣ್ಣ ನೀಲಿ ಚಾನೆಲ್‌ನಲ್ಲಿ ಎದ್ದು ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಬಹುಪಾಲು ಮಾಯ. ಕಪ್ಪು ಇಂಕು ಮಾತ್ರ ಎರಡರಲ್ಲೂ ಕಪ್ಪೇ. ಅದಕ್ಕೇ ಗ್ರೇಸ್ಕೇಲ್ (ಕಪ್ಪು-ಬಿಳುಪು) ಬಿಟ್ಟು ಕಲರ್‌ನಲ್ಲೇ ಸ್ಕ್ಯಾನ್ ಮಾಡಬೇಕು. ಗಿಂಪ್‌ನಲ್ಲಿ ಡಿಕಂಪೋಸ್ ಕೊಟ್ಟು ಚಾನೆಲ್‌ಗಳನ್ನು ಬೇರೆ ಬೇರೆ ಲೇಯರ್ (ಪದರ) ಮಾಡಿ, ಕೆಂಪು ಲೇಯರ್ ಇಟ್ಟುಕೊಳ್ಳಿ, ಅರ್ಧ ಕೆಲಸ ಮುಗೀತು. ಗೆರೆಯ ಇಂಕೇ ಕಂದಾಗಿದ್ದರೆ ಈ ಆಟ ನಡೆಯಲ್ಲ, ಗೆರೆಯೂ ಕಲೆ ಜೊತೆ ಹೋಗಿಬಿಡುತ್ತದೆ. ಉಳಿದ ಕಲೆಗೆ, ಸುತ್ತಲಿನ ಕಾಗದಕ್ಕೆ ಬೆರೆಸಿಬಿಡುವ ಹೀಲ್ ಟೂಲ್ ಹಾಕಿ. ಆದರೆ ಗೆರೆ ಪಕ್ಕದಲ್ಲಿ ಅದು ಮಸಿ ಹರಡುತ್ತದೆ, ಅಲ್ಲಿ ಬೇರೆ ಜಾಗವನ್ನು ಹಾಗೇ ನಕಲು ಮಾಡುವ ಕ್ಲೋನ್ ಟೂಲ್ ವಾಸಿ. ಕಾಗದ ಪೂರ್ತಿ ಬೆಳ್ಳಗಾಗುವವರೆಗೂ ಲೆವೆಲ್ಸ್ (ಕಪ್ಪು-ಬಿಳುಪಿನ ಮಟ್ಟ ಹೆಚ್ಚು ಕಡಿಮೆ ಮಾಡುವ ಆಯ್ಕೆ) ಎಳೆಯಬೇಡಿ. ತಾತ ಪೆನ್ನು ಒತ್ತಿದ್ದು, ಬಿಟ್ಟಿದ್ದು ಎಲ್ಲ ಆ ತೆಳು ಗೆರೆಗಳಲ್ಲೇ ಇದೆ, ಮೊದಲು ಹೋಗೋದೂ ಅವೇ.

ಕಳೆದುಹೋದ ಭಾಗ ಬರೆಯುವುದಾದರೆ ಬೇರೆ ಲೇಯರ್‌ನಲ್ಲೇ ಬರೆಯಿರಿ. ಒಂದು ಕೈಯ ಬಳೆ ಹೋಗಿದ್ದರೆ ಇನ್ನೊಂದರದ್ದು ತಿರುಗಿಸಿ ಕೂರಿಸಬಹುದು. ಯಾವ ಕೈಯಲ್ಲಿ ಯಾವ ಆಯುಧ ಅನ್ನೋ ಗೊಂದಲ ಬಂದರೆ ಮುಮ್ಮಡಿ ಕೃಷ್ಣರಾಜ ಒಡೆಯರು ಮಾಡಿಸಿದ ಶ್ರೀತತ್ತ್ವನಿಧಿ ಗ್ರಂಥ ನೋಡಿ, ದೇವತೆಗಳ ರೂಪದ ವಿವರ ಚಿತ್ರ ಸಮೇತ ಇದೆ. ಮುಖ ಹೋಗಿದ್ದರೆ ಮಾತ್ರ ಹಾಗೇ ಬಿಡಿ ಅಂತೀನಿ. ಎಐ ಟೂಲ್‌ಗೆ ಕೊಟ್ಟರೆ ಚೆಂದದ ಮುಖ ಬರಬಹುದು, ಆದರೆ ತಾತ ಬರೆದ ಮುಖ ಅಲ್ವಲ್ಲಾ.

ಹಿಂಬದಿಯನ್ನೂ ಒಂದು ಸ್ಕ್ಯಾನ್ ಮಾಡಿಕೊಳ್ಳಿ. ನಮ್ಮನೆ ಚಿತ್ರದ ಹಿಂದೆ ಹಾಲಿನ ಲೆಕ್ಕ ಇತ್ತು.